ಕೇಳಿಸ್ತು ಅಂದ್ಕೊಂಡಿದ್ದೇ ಬೇರೆ: ಪೈಲಟ್ ಮತ್ತು ಎಟಿಸಿ ಮಧ್ಯೆ ರೇಡಿಯೋ ಮಾತು ತಪ್ಪಿದಾಗ ಏನು ನೋಡ್ಬೇಕು

ವಿಮಾನ ಕಲಿಯೋಕೆ ಬರೋ ನಮ್ಮ ಕಡೆ ಹುಡುಗ ಹುಡುಗೀರಿಗೆ ನಾನು ರೇಡಿಯೋ ಮಾತು ಹೇಳ್ಕೊಡ್ತೀನಿ, ಆರ್‌ಟಿಆರ್ (ವಿಮಾನದ ರೇಡಿಯೋ ಬಳಸೋ ಲೈಸೆನ್ಸ್) ಪರೀಕ್ಷೆ ತಯಾರಿನೂ ಅದರ ಜೊತೆಗೇ ನಡೆಯತ್ತೆ. ಲ್ಯಾಂಡಿಂಗಿಗೆ ಹೆದರೋರಿಗಿಂತ ಮೈಕ್ ಬಟನ್ ಒತ್ತೋಕೆ ಹೆದರೋರೇ ಜಾಸ್ತಿ. ಕನ್ನಡ ಮೀಡಿಯಂನಲ್ಲಿ ಓದಿ ಬಂದವರಿಗಂತೂ ಎಟಿಸಿ, ಅಂದ್ರೆ ನೆಲದಿಂದ ವಿಮಾನಗಳನ್ನ ನಿಯಂತ್ರಿಸೋರು, ಒಂದೇ ಉಸಿರಲ್ಲಿ ಐದು ವಿಷಯ ಹೇಳಿಬಿಟ್ರೆ ಕೈಕಾಲು ತಣ್ಣಗಾಗತ್ತೆ, "ಮತ್ತೆ ಹೇಳಿ" ಅಂತ ಕೇಳೋಕೆ ನಾಚಿಕೆ, ಹಾಗಾಗಿ ಅರ್ಧ ಕೇಳಿಸಿದ್ದಕ್ಕೆ ಇನ್ನರ್ಧ ತಾವೇ ಸೇರಿಸ್ಕೊಂಡು ರೋಜರ್ ಅಂದುಬಿಡ್ತಾರೆ. ನನಗೆ ನಿಜಕ್ಕೂ ಹೆದರಿಕೆ ಆಗೋದು ಆ ರೋಜರ್ ಕೇಳಿದಾಗ. ರೇಡಿಯೋ ಪೂರ್ತಿ ಸತ್ತೋದ್ರೆ ಅದು ಎಲ್ಲರಿಗೂ ಗೊತ್ತಾಗತ್ತೆ, ಅದಕ್ಕೆ ಒಂದು ದಾರಿ ಬರೆದಿಟ್ಟಿದಾರೆ. ಕೇಳಿಸ್ತು ಅಂದ್ಕೊಂಡು ತಪ್ಪು ಕೇಳಿಸ್ಕೊಂಡಿರೋದು ಮಾತ್ರ ಯಾರಿಗೂ ಗೊತ್ತಾಗಲ್ಲ, ನೂರಾರು ಜನ ಸತ್ತ ಅಪಘಾತಗಳು ಆಗಿರೋದು ಅಲ್ಲೇ.

ಅದಕ್ಕೆ ಕಾಕ್‌ಪಿಟ್‌ನಲ್ಲಿ ನಿಮಗೆ ಮೊದಲು ಏನು ಅನ್ಸತ್ತೋ ಅದನ್ನೇ ತಲೆಬರಹ ಮಾಡ್ಕೊಂಡು ಇದನ್ನ ಬರ್ದಿದೀನಿ. ಕೈ ಚಾಚಿದ್ರೆ ಸಿಗೋ ಗುಂಡಿಯಿಂದ ಶುರು ಮಾಡಿ ಕಷ್ಟದ್ದಕ್ಕೆ ಹೋಗೋಣ.

ಮೊದಲೇ ಒಂದು ಎಚ್ಚರಿಕೆ. ರೇಡಿಯೋ ಕೆಟ್ಟಿದ್ದಕ್ಕೆ ವಿಮಾನ ಬೀಳಲ್ಲ, ರೇಡಿಯೋ ಸರಿಮಾಡೋಕೆ ಹೋಗಿ ತಲೆ ತಗ್ಗಿಸ್ಕೊಂಡು ಕೂತ್ರೆ ಬೀಳತ್ತೆ. ಮೊದಲು ವಿಮಾನ ನೆಟ್ಟಗೆ ಹಾರ್ತಿರ್ಲಿ, ಆಮೇಲೆ ಎಲ್ಲಿದೀವಿ ನೋಡ್ಕೊಳ್ಳಿ, ಮಾತು ಕೊನೆಗೆ. ನಿಮ್ಮ ವಿಮಾನದ ಕೈಪಿಡಿ, ಎಐಪಿ (ದೇಶದ ವಿಮಾನಯಾನ ಮಾಹಿತಿಯ ಅಧಿಕೃತ ಪುಸ್ತಕ), ನಿಮ್ಮ ಇನ್‌ಸ್ಟ್ರಕ್ಟರ್ ಹೇಳೋದು ಇದಕ್ಕಿಂತ ಬೇರೆ ಇದ್ರೆ ಅದೇ ಸರಿ ಅಂತ ಇಟ್ಕೊಳ್ಳಿ.

"ತುಂಬಾ ಹೊತ್ತಾಯ್ತು, ಯಾರ ದನಿಯೂ ಇಲ್ಲ"

ಒಂದು ಫ್ರೀಕ್ವೆನ್ಸಿ ಸುಮ್ಮನಿದೆ ಅಂದ್ರೆ ಮೂರು ಕಾರಣ ಇರ್ಬಹುದು, ನಿಜವಾಗ್ಲೂ ಯಾರೂ ಮಾತಾಡ್ತಿಲ್ಲ, ನೀವು ತಪ್ಪು ಫ್ರೀಕ್ವೆನ್ಸಿಲಿ ಇದೀರ, ಅಥವಾ ನಿಮಗೆ ಕೇಳ್ತಿಲ್ಲ. ಎರಡು ಸೆಕೆಂಡಲ್ಲಿ ಆಗೋ ಟೆಸ್ಟ್ ಸ್ಕ್ವೆಲ್ಚ್, ಯಾರೂ ಮಾತಾಡದಾಗ ರೇಡಿಯೋದ ಗರಗರ ಶಬ್ದ ಮುಚ್ಚಿಡೋ ವ್ಯವಸ್ಥೆ. ಅದನ್ನ ತೆಗೆದು ನೋಡಿ, ಹುಯ್ಯೋ ಮಳೆ ಥರ ಶ್‌ಶ್ ಅಂತ ಬಂತಾ, ಹಾಗಿದ್ರೆ ರಿಸೀವರ್, ವಾಲ್ಯೂಮ್, ಹೆಡ್‌ಸೆಟ್ ಎಲ್ಲಾ ಬದುಕಿವೆ, ತೊಂದರೆ ಬೇರೆ ಕಡೆ. ಶ್‌ಶ್ ಕೂಡ ಬರ್ಲಿಲ್ಲ ಅಂದ್ರೆ ವಾಲ್ಯೂಮ್ ನೋಡಿ, ಆಡಿಯೋ ಪ್ಯಾನೆಲ್‌ನಲ್ಲಿ ಯಾವ ರೇಡಿಯೋ ಆರಿಸಿದೀರ ನೋಡಿ, ಹೆಡ್‌ಸೆಟ್ ಜ್ಯಾಕ್ ಪೂರ್ತಿ ಒಳಗೆ ಒತ್ತಿ. ಚಿಕ್ಕ ವಿಮಾನಗಳಲ್ಲಿ ಎರಡು ಪ್ಲಗ್ ಇರತ್ತಲ್ಲ, ದಪ್ಪಂದು ಕಿವಿಗೆ, ಸಣ್ಣದು ಮೈಕಿಗೆ. ದಪ್ಪಂದು ಸಡಿಲ ಆದ್ರೆ ಕೇಳಲ್ಲ, ಸಣ್ಣದು ಸಡಿಲ ಆದ್ರೆ ನಿಮ್ಮ ಮಾತು ಹೋಗಲ್ಲ. ಮಂಡಿ ತಾಗಿ ಜ್ಯಾಕ್ ಹೊರಗೆ ಬಂದಿರೋದು ನಾನು ಎಷ್ಟು ಸಲ ನೋಡಿದೀನೋ ಲೆಕ್ಕ ಇಲ್ಲ.

ಇನ್ನೊಂದು, ರೇಡಿಯೋ ಮೇಲೆ ಟಿಎಕ್ಸ್ ಅನ್ನೋ ಸಣ್ಣ ದೀಪ ಉರೀತಿದೆಯಾ ನೋಡಿ. ನೀವು ಬಟನ್ ಒತ್ತಿಲ್ಲ, ಆದ್ರೂ ಅದು ಉರೀತಿದೆ ಅಂದ್ರೆ ನಿಮ್ಮ ಬಟನ್ನೇ ಅಂಟ್ಕೊಂಡಿದೆ. ಪ್ರಸಾರ ಆಗ್ತಿರುವಾಗ ರಿಸೀವರ್ ಬಾಯಿ ಮುಚ್ಚಿರತ್ತೆ, ಅದಕ್ಕೇ ನಿಮಗೆ ಲೋಕವೆಲ್ಲಾ ಶಾಂತ ಅನ್ಸತ್ತೆ, ಆ ಕಡೆ ಆ ಫ್ರೀಕ್ವೆನ್ಸಿಲಿರೋ ಎಲ್ಲರಿಗೂ ನಿಮ್ಮ ಕಾಕ್‌ಪಿಟ್ ಮಾತು ಬಿಟ್ಟು ಬೇರೇನೂ ಕೇಳ್ತಿರಲ್ಲ. ಬಟನ್ ನಾಲ್ಕೈದು ಸಲ ಒತ್ತಿ ಬಿಡಿ, ಮೈಕ್ ಪ್ಲಗ್ ಎಳೀರಿ, ಆಗ್ಲಿಲ್ವಾ ಆ ರೇಡಿಯೋ ಆಫ್ ಮಾಡಿ. ಸ್ವಿಚ್ಚೇ ಅಂಟಿದ್ರೆ ಎರಡನೇ ರೇಡಿಯೋ ಆರಿಸಿದ ತಕ್ಷಣ ಅದೂ ಪ್ರಸಾರ ಶುರು ಮಾಡ್ಬಹುದು, ಹಾಗಾಗಿ ದೀಪದ ಮೇಲೆ ಕಣ್ಣಿಡಿ. ಹೊಸ ರೇಡಿಯೋಗಳಲ್ಲಿ ಕೆಲವು ಅರ್ಧ ನಿಮಿಷ ದಾಟಿದ್ರೆ ತಾವೇ ಪ್ರಸಾರ ನಿಲ್ಲಿಸ್ತಾವೆ, ಹಳೇವು ನಿಲ್ಲಿಸಲ್ಲ.

ಶ್‌ಶ್ ಬರ್ತಿದೆ, ದೀಪ ಆರಿದೆ, ಆದ್ರೂ ಯಾರೂ ಇಲ್ಲ. ಆಗ ಫ್ರೀಕ್ವೆನ್ಸಿ ಅಂಕೆ ಒಂದೊಂದಾಗಿ ಓದಿ. ಒಂದು ಅಂಕೆ ಅದಲು ಬದಲಾದ್ರೂ ಸಾಕು, ನೀವು ಬೇರೆ ಊರಲ್ಲಿ ಇದ್ದಂಗೆ. ಹಿಂದಿನ ಫ್ರೀಕ್ವೆನ್ಸಿ ಸ್ಟ್ಯಾಂಡ್‌ಬೈ ಕಿಟಕಿಲಿ ಇನ್ನೂ ಇರತ್ತೆ, ಅದಕ್ಕೆ ವಾಪಸ್ ಹೋಗಿ ಕೇಳಿ, ಅಲ್ಲೂ ಇಲ್ಲ ಅಂದ್ರೆ 121.5 ಮೆಗಾಹರ್ಟ್ಸ್, ಅದು ತುರ್ತು ಫ್ರೀಕ್ವೆನ್ಸಿ, ದೊಡ್ಡ ವಿಮಾನಗಳು ಎರಡನೇ ರೇಡಿಯೋದಲ್ಲಿ ಅದನ್ನ ಕೇಳ್ತಾನೇ ಇರ್ತಾವೆ, ಯಾರಾದ್ರೂ ಒಬ್ಬರು ಉತ್ತರ ಕೊಡ್ತಾರೆ. ಇದನ್ನ ತಾತ್ಸಾರ ಮಾಡಿದ್ರೆ ಏನಾಗತ್ತೆ ಅಂದ್ರೆ, ಫೆಬ್ರವರಿ 2017ರಲ್ಲಿ ಮುಂಬೈಯಿಂದ ಲಂಡನ್ನಿಗೆ ಹೋಗ್ತಿದ್ದ ಜೆಟ್ ಏರ್‌ವೇಸ್ ವಿಮಾನ ಜರ್ಮನಿ ಮೇಲೆ ಎಟಿಸಿ ಸಂಪರ್ಕ ಕಳ್ಕೊಂಡಿತ್ತು, ಪಕ್ಕಕ್ಕೆ ಜರ್ಮನ್ ಯುದ್ಧ ವಿಮಾನಗಳು ಬಂದು ನಿಂತವು. ಸಂಪರ್ಕ ಮತ್ತೆ ಸಿಕ್ತು, ಲಂಡನ್ನಿಗೆ ಕ್ಷೇಮವಾಗಿ ಇಳೀತು ಅನ್ನೋದು ಸಮಾಧಾನ.

ದೂರನೂ ಲೆಕ್ಕ ಹಾಕಿ. ವಿಮಾನದ ರೇಡಿಯೋ ಬಳಸೋ ವಿಎಚ್‌ಎಫ್ ಅಲೆ ಹೆಚ್ಚುಕಡಿಮೆ ನೇರ ಹೋಗತ್ತೆ, 1000 ಅಡಿಲಿ ಇದ್ರೆ ಸುಮಾರು 39 ನಾಟಿಕಲ್ ಮೈಲಿ, 5000 ಅಡಿಗೆ ಸುಮಾರು 87. ಮಧ್ಯೆ ಗುಡ್ಡ ಇದ್ರೆ ಅದೂ ಇಲ್ಲ. ಕೆಳಗೆ ಹಾರ್ತಿದ್ರೆ, ಸುರಕ್ಷಿತ ಮತ್ತು ಅನುಮತಿ ಇದೆ ಅಂದ್ರೆ, ಸ್ವಲ್ಪ ಮೇಲೇರಿದ್ರೆ ದನಿ ವಾಪಸ್ ಬರತ್ತೆ.

ಇಷ್ಟಾದ್ರೂ ಇಲ್ಲ ಅಂದ್ರೆ ಟ್ರಾನ್ಸ್‌ಪಾಂಡರ್‌ಗೆ (ರೇಡಾರಿಗೆ ನಿಮ್ಮ ವಿಮಾನದ ಕೋಡ್ ಕಳಿಸೋ ಪೆಟ್ಟಿಗೆ) 7600 ಹಾಕಿ, ರೇಡಾರಲ್ಲಿ ನೋಡ್ತಿರೋರಿಗೆ ನಿಮ್ಮ ರೇಡಿಯೋ ಹೋಗಿದೆ ಅಂತ ಗೊತ್ತಾಗತ್ತೆ. ಕಣ್ಣಿಗೆ ಚೆನ್ನಾಗಿ ಕಾಣ್ತಿರೋ ಹವಾಮಾನದಲ್ಲಿ ಇದ್ರೆ ಮೋಡದೊಳಗೆ ಹೋಗದೇ ಹತ್ತಿರದ ಸರಿಯಾದ ಏರ್‌ಫೀಲ್ಡಲ್ಲಿ ಇಳೀರಿ, ಇಳಿದ ತಕ್ಷಣ ಎಟಿಸಿಗೆ ತಿಳಿಸಿ. ಟವರ್ ಕಡೆ ನೋಡ್ತಿರಿ, ದೀಪದಲ್ಲಿ ಮಾತಾಡ್ತಾರೆ. ಹಾರ್ತಿರೋರಿಗೆ ನಿಂತ ಹಸಿರು ಅಂದ್ರೆ ಇಳೀಬಹುದು, ನಿಂತ ಕೆಂಪು ಅಂದ್ರೆ ಬೇರೆಯವರಿಗೆ ದಾರಿ ಬಿಟ್ಟು ಸುತ್ತು ಹಾಕ್ತಿರಿ, ಮಿನುಗೋ ಹಸಿರು ಅಂದ್ರೆ ಇಳಿಯೋಕೆ ವಾಪಸ್ ಬನ್ನಿ, ಮಿನುಗೋ ಕೆಂಪು ಅಂದ್ರೆ ಇಲ್ಲಿ ಇಳೀಬೇಡಿ, ಸುರಕ್ಷಿತ ಇಲ್ಲ. ಹಗಲಾದ್ರೆ ರೆಕ್ಕೆ ಅಲ್ಲಾಡಿಸಿ ಗೊತ್ತಾಯ್ತು ಅಂತ ತೋರಿಸಿ.

"ನನಗೆ ಕೇಳ್ತಿದೆ, ನನ್ನ ಮಾತು ಅವರಿಗೆ ಹೋಗ್ತಿಲ್ಲ"

ಸಣ್ಣ ಪ್ಲಗ್ ನೋಡಿ, ಮೈಕ್ ಆರಿಸೋ ಗುಂಡಿ ನೋಡಿ, ಪಕ್ಕದ ಸೀಟಿನ ಬಟನ್ ಒತ್ತಿ ಮಾತಾಡಿ. ಪಕ್ಕದ್ದು ಕೆಲಸ ಮಾಡ್ತು ಅಂದ್ರೆ ರೇಡಿಯೋಗೆ ಏನೂ ಆಗಿಲ್ಲ. ಮೈಕ್ ತುಟಿಗೆ ತಾಗೋ ಅಷ್ಟು ಹತ್ತಿರ ಇರ್ಲಿ, ಗಲ್ಲದ ಕೆಳಗೆ ಜೋತಾಡ್ತಿದ್ರೆ ಇಂಜಿನ್ ಶಬ್ದ ಮಾತ್ರ ಹೋಗತ್ತೆ.

ಮೊದಲ ಪದ ಕತ್ತರಿಸಿ ಹೋಗ್ತಿದೆ ಅಂತ ಎಟಿಸಿ ಪದೇ ಪದೇ ನಿಮ್ಮ ಕಾಲ್‌ಸೈನ್ (ರೇಡಿಯೋದಲ್ಲಿ ನಿಮ್ಮ ವಿಮಾನದ ಹೆಸರು) ಕೇಳ್ತಿದ್ರೆ ತಪ್ಪು ಬೆರಳಿಂದು. ಬಟನ್ ಒತ್ತೋ ಮೊದಲೇ ಬಾಯಿ ಶುರು ಆಗಿರತ್ತೆ. ಒತ್ತಿ, ಒಂದು ಕ್ಷಣ ಬಿಟ್ಟು, ಮಾತಾಡಿ, ಮುಗಿದ ಮೇಲೆ ಒಂದು ಕ್ಷಣ ಬಿಟ್ಟು ಕೈ ತೆಗೀರಿ.

ರೇಡಿಯೋ ಚೆಕ್ ಕೇಳಿದ್ರೆ 1ರಿಂದ 5ರೊಳಗೆ ಒಂದು ಅಂಕೆ ಹೇಳ್ತಾರೆ. 5 ಅಂದ್ರೆ ಸ್ಫಟಿಕದಂಗೆ ಇದೆ, 3 ಅಂದ್ರೆ ಕಷ್ಟಪಟ್ಟು ಅರ್ಥ ಆಗ್ತಿದೆ, 1 ಅಂದ್ರೆ ಏನೂ ಅರ್ಥ ಆಗ್ತಿಲ್ಲ. ನೆಲದ ಮೇಲೇ 3 ಬಂದ್ರೆ ಹೊರಡಬೇಡಿ, ಎಂಜಿನಿಯರ್ ಕರೀರಿ. ಮೇಲೆ ಹೋದ್ಮೇಲೆ ಸರಿ ಹೋಗತ್ತೆ ಅಂತ ಹೇಳೋರ ಮಾತು ಕೇಳಬೇಡಿ.

ಬಟನ್ ಒತ್ತಿದಾಗಲೆಲ್ಲಾ ರೇಡಿಯೋ ಡಿಸ್‌ಪ್ಲೇ ಮಂಕಾಗ್ತಿದೆ ಅಥವಾ ಆರಿಹೋಗ್ತಿದೆ ಅಂದ್ರೆ ಅದು ರೇಡಿಯೋ ದೋಷನೇ ಆಗಿರ್ಬೇಕಿಲ್ಲ, ಪ್ರಸಾರಕ್ಕೆ ಕರೆಂಟ್ ಜಾಸ್ತಿ ಬೇಕು, ಆಲ್ಟರ್ನೇಟರ್ ಕೈಕೊಟ್ಟು ಬ್ಯಾಟರಿ ಖಾಲಿ ಆಗ್ತಿರತ್ತೆ. ಆಮ್ಮೀಟರ್ ನೋಡಿ. ಬೇಡದ್ದೆಲ್ಲಾ ಆಫ್ ಮಾಡಿ, ಇರೋ ಕರೆಂಟಲ್ಲಿ ಒಂದು ಚಿಕ್ಕ ಮಾತು ಹೇಳಿ ಇಳಿಯೋಕೆ ಹೊರಡಿ. ಸುಟ್ಟ ವಾಸನೆ ಬಂದ್ರೆ ಹಾರಿದ ಬ್ರೇಕರ್ ಮತ್ತೆ ಒತ್ತಲೇಬಾರ್ದು.

ಮಾತು ಹೋಗ್ತಿದೆಯೋ ಇಲ್ವೋ ಗೊತ್ತಿಲ್ಲ ಅಂದ್ರೂ ಸುಮ್ಮನಿರಬೇಡಿ. ಕುರುಡು ಪ್ರಸಾರ ಅಂತೀವಿ, "ಟ್ರಾನ್ಸ್‌ಮಿಟಿಂಗ್ ಬ್ಲೈಂಡ್" ಅಂತ ಹೇಳಿ ಎಲ್ಲಿದೀರ, ಏನು ಮಾಡ್ತೀರ ಎರಡೆರಡು ಸಲ ಹೇಳಿ. ನಿಮಗೆ ಕೇಳ್ತಿದೆ ಅಂತ ಅನುಮಾನ ಬಂದ್ರೆ ಎಟಿಸಿ ಟ್ರಾನ್ಸ್‌ಪಾಂಡರ್‌ನ ಐಡೆಂಟ್ ಬಟನ್ ಒತ್ತಿ ಅಂತಲೋ ಎಡಕ್ಕೆ ತಿರುಗಿ ಅಂತಲೋ ಹೇಳಿ ರೇಡಾರಲ್ಲಿ ನೋಡಿ ಖಚಿತ ಮಾಡ್ಕೊಳ್ತಾರೆ.

"ಕೀಂಯ್ ಅಂತು, ಮಧ್ಯೆ ಏನೋ ಹೋಯ್ತು"

ಇದನ್ನ ಸ್ವಲ್ಪ ನಿಧಾನವಾಗಿ ಓದಿ. ವಿಮಾನದ ವಿಎಚ್‌ಎಫ್ ರೇಡಿಯೋ ಇವತ್ತಿಗೂ ಎಎಂ, ನಮ್ಮ ಹಳೇ ಆಕಾಶವಾಣಿ ಮೀಡಿಯಂ ವೇವ್ ಥರದ್ದೇ. ಎಫ್‌ಎಂ ಆಗಿದ್ರೆ ಎರಡು ಸಿಗ್ನಲ್ ಬಂದಾಗ ಜೋರಿರೋದು ಮೆತ್ತಗಿರೋದನ್ನ ನುಂಗಿಬಿಡತ್ತೆ, ಇನ್ನೊಬ್ಬ ಮಾತಾಡಿದ್ದೇ ಗೊತ್ತಾಗಲ್ಲ. ಎಎಂನಲ್ಲಿ ಇಬ್ಬರು ಒಟ್ಟಿಗೆ ಒತ್ತಿದ್ರೆ ಕೀಂಯ್ ಅಂತ ಕಿರುಚತ್ತೆ. ಆ ಕಿರುಚಾಟನೇ ಒಂದು ಮಾಹಿತಿ, ಯಾರೋ ಏನೋ ಹೇಳಿದ್ದು ಯಾರಿಗೋ ತಲುಪಿಲ್ಲ ಅಂತ.

27 ಮಾರ್ಚ್ 1977, ಸ್ಪೇನ್‌ಗೆ ಸೇರಿದ ಕ್ಯಾನರಿ ದ್ವೀಪದ ಟೆನೆರಿಫ್, ಲಾಸ್ ರೋಡಿಯೋಸ್ ಏರ್‌ಪೋರ್ಟ್. ಪಕ್ಕದ ದ್ವೀಪದ ಲಾಸ್ ಪಾಲ್ಮಾಸ್‌ನಲ್ಲಿ ಬಾಂಬ್ ಸ್ಫೋಟ ಆಗಿ ವಿಮಾನಗಳನ್ನೆಲ್ಲಾ ಇಲ್ಲಿಗೆ ಕಳಿಸಿದ್ರು, ಚಿಕ್ಕ ಏರ್‌ಪೋರ್ಟ್ ತುಂಬಿಹೋಗಿತ್ತು, ಮೇಲಿಂದ ಮಂಜು. ಕೆಎಲ್‌ಎಂ ಬೋಯಿಂಗ್ 747 ರನ್‌ವೇ ತುದಿಲಿ ತಿರುಗಿ ನಿಂತಿದೆ, ಪ್ಯಾನ್ ಆಮ್ 747 ಅದೇ ರನ್‌ವೇ ಮೇಲೆ ಇನ್ನೂ ಟ್ಯಾಕ್ಸಿ ಮಾಡ್ತಿದೆ, ಅಂದ್ರೆ ನೆಲದ ಮೇಲೆ ನಿಧಾನ ಸಾಗ್ತಿದೆ, ಒಬ್ಬರಿಗೊಬ್ಬರು ಕಾಣ್ತಿಲ್ಲ, ಟವರಿಗೆ ಇಬ್ಬರೂ ಕಾಣ್ತಿಲ್ಲ. ಎಟಿಸಿ ಕೆಎಲ್‌ಎಂಗೆ ಹಾರಿದ ಮೇಲೆ ಹೋಗಬೇಕಾದ ದಾರಿ ಮಾತ್ರ ಕೊಟ್ಟಿತ್ತು, ಟೇಕಾಫ್ ಅನುಮತಿ ಕೊಟ್ಟಿರಲಿಲ್ಲ. ಸಹ ಪೈಲಟ್ ದಾರಿನ ವಾಪಸ್ ಓದಿ ಕೊನೆಗೆ ಈಗ ನಾವು ಟೇಕಾಫ್‌ನಲ್ಲಿ ಇದೀವಿ ಅನ್ನೋ ಅರ್ಥದ ಮಾತು ಸೇರಿಸಿದ, ಅಷ್ಟೊತ್ತಿಗೆ ವಿಮಾನ ಉರುಳೋಕೆ ಶುರು ಆಗಿತ್ತು. ಟವರ್‌ನವರು ಅದನ್ನ ಟೇಕಾಫ್ ಜಾಗದಲ್ಲಿ ಕಾಯ್ತಿದಾರೆ ಅಂತ ಅರ್ಥ ಮಾಡ್ಕೊಂಡು ಓಕೆ ಅಂದ್ರು, ಒಂದು ಕ್ಷಣ ಬಿಟ್ಟು ಕಾಯಿರಿ ನಾನೇ ಕರೀತೀನಿ ಅಂದ್ರು. ಸರಿಯಾಗಿ ಅದೇ ಹೊತ್ತಲ್ಲಿ ಪ್ಯಾನ್ ಆಮ್ ಗಾಬರಿಯಿಂದ ನಾವಿನ್ನೂ ರನ್‌ವೇ ಮೇಲೆ ಇದೀವಿ ಅಂತು. ಎರಡು ಮಾತು ಒಂದರ ಮೇಲೊಂದು ಬಿದ್ದು ಕೆಎಲ್‌ಎಂ ಕಾಕ್‌ಪಿಟ್‌ನಲ್ಲಿ ಕೇಳಿಸಿದ್ದು ಆ ಓಕೆ, ಆಮೇಲೆ ಹೆಚ್ಚುಕಡಿಮೆ ನಾಲ್ಕು ಸೆಕೆಂಡ್ ಕೀಂಯ್. ಜೀವ ಉಳಿಸಬಹುದಾಗಿದ್ದ ಎರಡು ಮಾತೂ ಆ ನಾಲ್ಕು ಸೆಕೆಂಡಲ್ಲೇ ಇದ್ವು.

ಅದಾದ ಮೇಲೂ ಒಂದು ಅವಕಾಶ ಇತ್ತು. ರನ್‌ವೇ ಖಾಲಿ ಮಾಡಿದ್ಮೇಲೆ ತಿಳಿಸ್ತೀವಿ ಅಂತ ಪ್ಯಾನ್ ಆಮ್ ಹೇಳಿದ್ದು ಕೆಎಲ್‌ಎಂನಲ್ಲೂ ಕೇಳಿಸ್ತು, ಫ್ಲೈಟ್ ಎಂಜಿನಿಯರ್ ಅದನ್ನ ಹಿಡಿದು, ಹಾಗಾದ್ರೆ ಅವನಿನ್ನೂ ಖಾಲಿ ಮಾಡಿಲ್ವಾ ಅಂತ ಕೇಳಿದ. ಮಾಡಿದಾನೆ ಅಂದ್ರು ಕ್ಯಾಪ್ಟನ್, ವಿಮಾನ ಓಡ್ತಾನೇ ಇತ್ತು. 583 ಜನ ಸತ್ರು. ವಿಮಾನ ಇತಿಹಾಸದ ಅತಿ ದೊಡ್ಡ ಅಪಘಾತ ಅದು, ಎರಡೂ ವಿಮಾನಕ್ಕೆ ಯಾಂತ್ರಿಕ ದೋಷ ಒಂದೂ ಇರಲಿಲ್ಲ. ಪ್ಯಾನ್ ಆಮ್‌ನಲ್ಲಿದ್ದ 61 ಜನ ಉಳಿದ್ರು, ಕೆಎಲ್‌ಎಂನಲ್ಲಿ ಒಬ್ಬರೂ ಇಲ್ಲ.

ಅದರ ನಂತರವೇ ಟೇಕಾಫ್ ಅನ್ನೋ ಪದನ ಅನುಮತಿ ಕೊಡುವಾಗ ಅಥವಾ ರದ್ದು ಮಾಡುವಾಗ ಮಾತ್ರ ಬಳಸ್ಬೇಕು, ಬೇರೆಲ್ಲಾ ಕಡೆ ಡಿಪಾರ್ಚರ್ ಅನ್ಬೇಕು ಅಂತ ಬಂದಿದ್ದು. ಪರೀಕ್ಷೆಗೆ ಓದುವಾಗ ಇದು ಬಾಯಿಪಾಠದ ಸಾಲು ಅನ್ಸತ್ತೆ, ಆ ಸಾಲಿಗೆ 583 ಜನ ಬೆಲೆ ಕೊಟ್ಟಿದಾರೆ ಅಂತ ನಾನು ಪ್ರತಿ ಬ್ಯಾಚಿಗೂ ಹೇಳ್ತೀನಿ.

ಹಾಗಾದ್ರೆ ಕೀಂಯ್ ಕೇಳಿದಾಗ ನೀವು ಏನು ಮಾಡ್ಬೇಕು? ಆ ಕ್ಷಣದಲ್ಲಿ ಏನು ಮಾಡೋಕೆ ಹೊರಟಿದ್ರೋ ಅದನ್ನ ತಡೆದು "ಬ್ಲಾಕ್ಡ್, ಸೇ ಅಗೇನ್" ಅನ್ನಿ. ಮಾತು ನಿಮ್ಮದಲ್ಲದಿದ್ರೂ, ಇಬ್ಬರು ಒಟ್ಟಿಗೆ ಮಾತಾಡಿದ್ರು ಅಂತ ಮೂರನೆಯವರು ಹೇಳಬಹುದು, ಮಾತಾಡಿದ ಇಬ್ಬರಿಗೂ ಅದು ಗೊತ್ತೇ ಇರಲ್ಲ. ರನ್‌ವೇ ಮೇಲೆ ಅಥವಾ ರನ್‌ವೇ ಅಂಚಲ್ಲಿ ಇದ್ರೆ ಅರ್ಧ ಕೇಳಿದ ಮಾತಿನ ಮೇಲೆ ಚಕ್ರ ಒಂದು ಇಂಚೂ ಉರುಳಬಾರ್ದು. ಫ್ರೀಕ್ವೆನ್ಸಿ ಬದಲಿಸಿದ ತಕ್ಷಣ ಮಾತಾಡ್ಲೇಬೇಡಿ, ಎರಡು ಮೂರು ಸೆಕೆಂಡ್ ಕೇಳಿ, ಯಾರೋ ಉತ್ತರ ಕೊಡ್ತಾ ಇರ್ತಾರೆ.

"ಅಂಕೆ ಕೇಳಿಸ್ತು, ಆದ್ರೆ ಏನೋ ಸರಿ ಇಲ್ಲ"

ಸರಿ ಇಲ್ಲ ಅನ್ಸಿದ್ರೆ ನಿಜಕ್ಕೂ ಸರಿ ಇರಲ್ಲ ಅಂತಲೇ ಹೊರಡಿ. 19 ಫೆಬ್ರವರಿ 1989ರಂದು ಕೌಲಾಲಂಪುರದ ಸುಬಾಂಗ್‌ಗೆ ಬರ್ತಿದ್ದ ಫ್ಲೈಯಿಂಗ್ ಟೈಗರ್ ಸರಕು ವಿಮಾನಕ್ಕೆ ಎಟಿಸಿ ಹೇಳಿದ್ದು ಇಳಿಯಿರಿ, ಟೂ ಫೋರ್ ಝೀರೋ ಝೀರೋ, ಅಂದ್ರೆ 2400 ಅಡಿ. ಕಾಕ್‌ಪಿಟ್‌ನಲ್ಲಿ ಅರ್ಥ ಆಗಿದ್ದು ಫೋರ್ ಝೀರೋ ಝೀರೋಗೆ ಇಳಿಯಿರಿ, ಅಂದ್ರೆ 400 ಅಡಿ. ಇಂಗ್ಲಿಷಲ್ಲಿ "ಎರಡು" ಅನ್ನೋದಕ್ಕೂ "ಗೆ" ಅನ್ನೋದಕ್ಕೂ ಶಬ್ದ ಒಂದೇ, ಟೂ. ಓಕೆ, ಫೋರ್ ಝೀರೋ ಝೀರೋ ಅಂತ ಉತ್ತರ ಹೋಯ್ತು, ಆ ಕಡೆ ಯಾರೂ ಹಿಡೀಲಿಲ್ಲ. ಗುಡ್ಡಕ್ಕೆ ಬಡಿದು ನಾಲ್ಕೂ ಜನ ಹೋದ್ರು. ಕನ್ನಡದಲ್ಲಿ 2400ಕ್ಕೆ ಇಳಿ ಅಂದ್ರೆ ಈ ತಪ್ಪು ಆಗೋಕೇ ಸಾಧ್ಯ ಇಲ್ಲ, ನಮ್ಮಲ್ಲಿ ವಿಭಕ್ತಿ ಅಂಕೆಯ ಹಿಂದೆ ಅಂಟಿ ಬರತ್ತೆ.

ಇಲ್ಲಿ ಮೊದಲ ಪರೀಕ್ಷೆ ನಿಮ್ಮ ತಲೆಯೊಳಗೇ ಆಗ್ಬೇಕು, ಈ ಅಂಕೆ ಇಲ್ಲಿ ಸಾಧ್ಯನಾ? ಬೆಂಗಳೂರಿನ ಕೆಂಪೇಗೌಡ ಏರ್‌ಪೋರ್ಟೇ ಸಮುದ್ರ ಮಟ್ಟದಿಂದ ಸುಮಾರು 3000 ಅಡಿ ಮೇಲಿದೆ, ಅಲ್ಲಿ ಯಾರಾದ್ರೂ 2400 ಅಂದಂಗೆ ಕೇಳಿಸಿದ್ರೆ ಅದು ನೆಲದ ಒಳಗೆ. ಹೊರಡೋ ಮೊದಲೇ ಆ ಪ್ರದೇಶದ ಕನಿಷ್ಠ ಎತ್ತರ ಮಂಡಿ ಮೇಲಿನ ಹಾಳೆಲಿ ಬರೆದಿಟ್ಕೊಳ್ಳಿ, ಕೇಳಿದ ಅಂಕೆ ಅದಕ್ಕಿಂತ ಕಡಿಮೆ ಇದ್ರೆ ಇಳಿಯದೇ ಕೇಳಿ.

ಎರಡನೇದು ರೀಡ್‌ಬ್ಯಾಕ್. ಎತ್ತರ, ದಿಕ್ಕು, ವೇಗ, ಆಲ್ಟಿಮೀಟರಿಗೆ (ಎತ್ತರ ತೋರಿಸೋ ಮೀಟರ್) ಹಾಕೋ ಗಾಳಿ ಒತ್ತಡದ ಸೆಟ್ಟಿಂಗ್, ಟ್ರಾನ್ಸ್‌ಪಾಂಡರ್ ಕೋಡ್, ಹೊಸ ಫ್ರೀಕ್ವೆನ್ಸಿ, ರನ್‌ವೇ ಒಳಗೆ ಹೋಗೋ ದಾಟೋ ನಿಲ್ಲೋ ಇಳಿಯೋ ಹಾರೋ ಮಾತು, ಇವಿಷ್ಟನ್ನೂ ಕಾಲ್‌ಸೈನ್ ಸಮೇತ ಪೂರ್ತಿ ವಾಪಸ್ ಓದಲೇಬೇಕು. ರೋಜರ್ ಅಂದ್ರೆ ನಿಮ್ಮ ಮಾತು ಕೇಳಿಸ್ತು ಅಂತ ಅಷ್ಟೇ, ಒಪ್ಪಿದೆ ಅಂತಲೂ ಇಲ್ಲ, ಸರಿಯಾಗಿ ಕೇಳಿಸ್ತು ಅನ್ನೋದಕ್ಕೆ ಸಾಕ್ಷಿನೂ ಇಲ್ಲ. ಅನುಮಾನ ಇದ್ದ ಅಂಕೆನ ಮೆತ್ತಗೆ ಗೊಣಗಬೇಡಿ, ನಮ್ಮ ಹುಡುಗರು ಮಾಡೋದು ಇದನ್ನೇ, ಗಟ್ಟಿ ಗೊತ್ತಿರೋದನ್ನ ಜೋರಾಗಿ ಹೇಳಿ ಡೌಟ್ ಇರೋದನ್ನ ನುಂಗಿಬಿಡ್ತಾರೆ. ಎಟಿಸಿ ಸುಮ್ಮನಿದ್ರು ಅಂದ್ರೆ ಒಪ್ಪಿದ್ರು ಅಂತಲೂ ಅಲ್ಲ, ಅವರು ಇನ್ನೊಂದು ಫೋನಲ್ಲಿ ಇರ್ಬಹುದು. ಡೌಟ್ ಇದ್ದ ಅಂಕೆಗೆ "ಕನ್‌ಫರ್ಮ್" ಅಂತ ಬಾಯಿಬಿಟ್ಟು ಕೇಳಿ.

ಆದ್ರೆ ರೀಡ್‌ಬ್ಯಾಕ್ ಹಿಡಿಯದ ಒಂದು ತಪ್ಪಿದೆ, ಹೇಳೋರೇ ತಪ್ಪು ಅಂಕೆ ಹೇಳೋದು. ಮೇ 2022ರಲ್ಲಿ ಪ್ಯಾರಿಸ್‌ನ ಶಾರ್ಲ್ ಡಿ ಗಾಲ್‌ಗೆ ಇಳೀತಿದ್ದ ಒಂದು ಏರ್‌ಬಸ್ ಎ320ಗೆ ಒತ್ತಡ 1001 ಅನ್ನೋ ಬದಲು 1011 ಅಂತ ಕೊಟ್ರು, ಪೈಲಟ್ 1011 ಅಂತಲೇ ವಾಪಸ್ ಓದಿದ್ರು. ಒಂದು ಹೆಕ್ಟೋಪಾಸ್ಕಲ್‌ಗೆ ಸುಮಾರು 28 ಅಡಿ ಲೆಕ್ಕ, ಹತ್ತಕ್ಕೆ 280 ಅಡಿ. ಆಲ್ಟಿಮೀಟರ್ ಮೇಲಿದೀರಿ ಅಂತಿದೆ, ವಿಮಾನ ಅಷ್ಟು ಕೆಳಗಿದೆ, ಮಳೇಲಿ ರನ್‌ವೇ ಕಾಣದೇ ವಾಪಸ್ ಮೇಲೇರುವಾಗ ರೇಡಿಯೋ ಅಲೆಯಿಂದ ನೆಲದ ದೂರ ಅಳೆಯೋ ರೇಡಿಯೋ ಆಲ್ಟಿಮೀಟರ್ ತೋರಿಸಿದ್ದು ನೆಲದಿಂದ ಬರೀ 6 ಅಡಿ, ಅದೂ ರನ್‌ವೇ ಇನ್ನೂ ಮುಂದೆ ಇದೆ. ಯಾರಿಗೂ ಏನೂ ಆಗ್ಲಿಲ್ಲ. ಇದಕ್ಕೆ ಇರೋ ಚೆಕ್ ಎರಡನೇ ಮೂಲ, ಎಟಿಐಎಸ್‌ನಲ್ಲಿ (ಏರ್‌ಪೋರ್ಟ್‌ನ ಹವಾಮಾನ, ರನ್‌ವೇ ಮಾಹಿತಿಯ ರೆಕಾರ್ಡ್ ಪ್ರಸಾರ) ಕೇಳಿ ಬರ್ಕೊಂಡಿದ್ದ ಒತ್ತಡಕ್ಕೂ ಈಗ ಹೇಳಿದ್ದಕ್ಕೂ ತಾಳೆ ನೋಡಿ, ಒಂದೆರಡರ ವ್ಯತ್ಯಾಸ ಇರ್ಲಿ, ಹತ್ತು ಇದ್ರೆ ಕೇಳಲೇಬೇಕು.

"ಅದು ನನಗೆ ಹೇಳಿದ್ದಾ, ಇನ್ನೊಬ್ಬರಿಗಾ?"

ಕಾಲ್‌ಸೈನ್ 245, 254, 425, ಒಂದೇ ಕಂಪನಿ, ಒಂದೇ ಹೊತ್ತಲ್ಲಿ, ಒಂದೇ ಫ್ರೀಕ್ವೆನ್ಸಿಲಿ. ಬೆಳಗ್ಗೆ ರಶ್ ಹೊತ್ತಲ್ಲಿ ಇದು ಮಾಮೂಲಿ. ಇಳಿಯೋಕೆ ಕಾಯ್ತಿರೋರಿಗೆ ಇಳಿಯಿರಿ ಅನ್ನೋ ಮಾತು ತಮಗೇ ಅನ್ಸತ್ತೆ, ಮನಸ್ಸು ಕಾಯ್ತಿರೋದನ್ನೇ ಕಿವಿ ಕೇಳತ್ತೆ. ಕಾಲ್‌ಸೈನ್ ಪೂರ್ತಿ ಕೇಳಿಸದಿದ್ರೆ ಮಾತು ನಿಮ್ಮದಲ್ಲ ಅಂತ ಇಟ್ಕೊಂಡು ಕೇಳಿ. ಇಬ್ಬರು ಪೈಲಟ್ ಇದ್ರೆ ಇಬ್ಬರಿಗೂ ಒಂದೇ ಥರ ಕೇಳಿಸಿರ್ಬೇಕು, ಒಬ್ಬರಿಗೆ ಡೌಟ್ ಇದ್ರೂ ಎಟಿಸಿನ ಕೇಳೋದು, ಇಬ್ಬರೇ ಕೂತು ಚರ್ಚೆ ಮಾಡಿ ತೀರ್ಮಾನ ಮಾಡೋದು ಬೇಡ. ನಿಮಗೆ ಹೇಳಿದ್ದನ್ನ ಬೇರೆ ಯಾರೋ ಓದ್ತಿದಾರೆ ಅಂದ್ರೆ ತಕ್ಷಣ ತಿಳಿಸಿ. ಗೊಂದಲ ಜಾಸ್ತಿ ಆದ್ರೆ ತಾತ್ಕಾಲಿಕವಾಗಿ ಕಾಲ್‌ಸೈನ್ ಬದಲಿಸೋ ಅಧಿಕಾರ ಎಟಿಸಿಗಿದೆ.

"ರೀಡ್‌ಬ್ಯಾಕ್ ಸರಿ ಇತ್ತು, ಆದ್ರೂ ತಪ್ಪಾಯ್ತು"

2 ಜನವರಿ 2024ರ ಸಂಜೆ, ಟೋಕಿಯೋದ ಹನೇಡಾ. ಹಿಂದಿನ ದಿನದ ನೋಟೋ ಭೂಕಂಪದವರಿಗೆ ಸಾಮಾನು ತಗೊಂಡು ಹೊರಟಿದ್ದ ಕೋಸ್ಟ್ ಗಾರ್ಡ್ ವಿಮಾನಕ್ಕೆ ಟವರ್ ಹೇಳಿದ್ದು ನೀವು ನಂಬರ್ ಒನ್, ಸಿ5 ಹೋಲ್ಡಿಂಗ್ ಪಾಯಿಂಟ್‌ಗೆ ಬನ್ನಿ. ಅಂದ್ರೆ ಹಾರೋ ಸಾಲಲ್ಲಿ ಮೊದಲು, ಆದ್ರೆ ರನ್‌ವೇ ಹೊರಗೆ ನಿಲ್ಲಿ. ಸಿ5 ಅಂತ ಸರಿಯಾಗಿ ವಾಪಸ್ ಓದಿದ್ರು. ಕ್ಯಾಪ್ಟನ್‌ಗೆ ಮಾತ್ರ ರನ್‌ವೇ ಒಳಗೆ ಹೋಗೋ ಅನುಮತಿನೇ ಸಿಕ್ತು ಅನ್ನೋ ಭಾವನೆ. ರನ್‌ವೇ ಮೇಲೆ ಸುಮಾರು 40 ಸೆಕೆಂಡ್ ನಿಂತಿದ್ರು, ಹಿಂದಿನಿಂದ ಇಳಿದ ಜಪಾನ್ ಏರ್‌ಲೈನ್ಸ್ ಎ350 ಬಡೀತು. ಆ ಕಡೆ 379 ಜನನೂ ಉರಿಯೋ ವಿಮಾನದಿಂದ ಹೊರಗೆ ಬಂದ್ರು, ಕೋಸ್ಟ್ ಗಾರ್ಡ್‌ನ ಆರರಲ್ಲಿ ಐವರು ಹೋದ್ರು. ಆಮೇಲೆ ಜಪಾನ್‌ನಲ್ಲಿ ನಂಬರ್ ಒನ್ ಅನ್ನೋ ಮಾತು ಬಳಸೋದನ್ನೇ ಸ್ವಲ್ಪ ಕಾಲ ನಿಲ್ಲಿಸಿದ್ರು.

ರೀಡ್‌ಬ್ಯಾಕ್ ಕಿವಿನ ಪರೀಕ್ಷೆ ಮಾಡತ್ತೆ, ಅರ್ಥ ಆಯ್ತಾ ಅಂತ ಅದಕ್ಕೆ ಗೊತ್ತಾಗಲ್ಲ. ಅದಕ್ಕೆ ರನ್‌ವೇ ಗೆರೆ ದಾಟೋ ಮೊದಲು ನಾನು ಹೇಳ್ಕೊಡೋ ಅಭ್ಯಾಸ ಒಂದು, ನಮಗೆ ಕೊಟ್ಟ ಅನುಮತಿಯ ನಿಖರ ಪದ ಏನು ಅಂತ ಇಬ್ಬರೂ ಬಾಯಿಬಿಟ್ಟು ಹೇಳೋದು. ಲೈನ್ ಅಪ್ ಅಂಡ್ ವೇಟ್, ಕ್ರಾಸ್, ಕ್ಲಿಯರ್ಡ್ ಫಾರ್ ಟೇಕಾಫ್, ಈ ಮೂರರಲ್ಲಿ ಒಂದು ಪದ ನೆನಪಲ್ಲಿ ಇಲ್ಲ ಅಂದ್ರೆ ಅನುಮತಿನೂ ಇಲ್ಲ. ಒಂದ್ಸಲ ಕಣ್ಣಲ್ಲಿ ಅಪ್ರೋಚ್ ಕಡೆ, ಅಂದ್ರೆ ವಿಮಾನ ಇಳಿಯೋಕೆ ಬರೋ ದಿಕ್ಕಿಗೆ ನೋಡಿ, ದೀಪ ಬರ್ತಿದೆಯಾ. ನೆಲದ ಮೇಲೆ ಅಡ್ಡಕ್ಕೆ ಕೆಂಪು ಸ್ಟಾಪ್ ಬಾರ್ ಉರೀತಿದ್ರೆ ಮಾತಲ್ಲಿ ಅನುಮತಿ ಸಿಕ್ಕಿದ್ರೂ ದಾಟಬೇಡಿ, ಕೇಳಿ.

ಕೆಲವು ಸಲ ಪೈಲಟ್ ಕಡೆ ಎಲ್ಲಾ ಸರಿ ಇರತ್ತೆ, ಎಟಿಸಿ ಒಳಗಿನ ಮಾತೇ ತಪ್ಪಿರತ್ತೆ. ಜನವರಿ 2022ರಲ್ಲಿ ನಮ್ಮ ಬೆಂಗಳೂರಲ್ಲೇ ಉತ್ತರದ ಮತ್ತು ದಕ್ಷಿಣದ ರನ್‌ವೇಗಳಿಂದ ಎರಡು ವಿಮಾನ ಹೆಚ್ಚುಕಡಿಮೆ ಒಟ್ಟಿಗೆ ಹಾರಿ ಒಂದರ ಕಡೆಗೊಂದು ಹೋಗ್ತಿದ್ವು, ದಕ್ಷಿಣದ ರನ್‌ವೇಯಿಂದ ಹಾರಿಸೋದು ನಿಲ್ಲಿಸಿದ್ದು ಆ ಟವರಿಗೆ ತಿಳಿದಿರಲಿಲ್ಲ. ರೇಡಾರ್ ಕಂಟ್ರೋಲರ್ ನೋಡಿ ಎರಡನ್ನೂ ಬೇರೆ ಬೇರೆ ದಿಕ್ಕಿಗೆ ತಿರುಗಿಸಿದ್ರು. ಬೇರೆ ಟವರ್ ಜೊತೆ ಮಾತಾಡ್ತಿರೋ ವಿಮಾನದ ಮಾತು ನಿಮ್ಮ ಕಿವಿಗೆ ಬೀಳೋ ಅವಕಾಶನೇ ಇಲ್ಲ, ಅದಕ್ಕೆ ಟಿಕಾಸ್ (ಡಿಕ್ಕಿ ತಪ್ಪಿಸೋ ಸಾಧನ) ಪರದೆ ಮೇಲೂ ಹೊರಗೂ ಕಣ್ಣಿಡಿ. ಟಿಕಾಸ್ ಏರು ಅಥವಾ ಇಳಿ ಅಂತ ಆದೇಶ ಕೊಟ್ರೆ ಎಟಿಸಿ ಏನೇ ಹೇಳ್ತಿದ್ರೂ ಟಿಕಾಸ್ ಮಾತೇ ಪಾಲಿಸ್ಬೇಕು, ಆಮೇಲೆ ಎಟಿಸಿಗೆ ಹೇಳಿ.

"ಇಂಗ್ಲಿಷೇ, ಆದ್ರೆ ನನಗೆ ಹತ್ತಲ್ಲ"

12 ನವೆಂಬರ್ 1996, ದೆಹಲಿ ಹತ್ತಿರ ಹರಿಯಾಣದ ಚರ್ಖಿ ದಾದ್ರಿ. ಇಳೀತಿದ್ದ ಕಝಕಿಸ್ತಾನದ ಇಲ್ಯುಶಿನ್‌ಗೆ 15000 ಅಡಿಯ ಮಟ್ಟ, ಎದುರಿಂದ ಏರ್ತಿದ್ದ ಸೌದಿಯಾ 747ಗೆ 14000. ದೆಹಲಿ ರೇಡಾರ್‌ನಲ್ಲಿ ಆಗ ವಿಮಾನದ ಎತ್ತರ ಕಾಣ್ತಿರಲಿಲ್ಲ, ಬಾಯಿಮಾತೇ ಗತಿ. ಎದುರಿಗೆ ವಿಮಾನ ಬರ್ತಿದೆ ಅಂತ ಎಟಿಸಿ ಹೇಳಿದ್ರು. ಕಝಕ್ ವಿಮಾನದಲ್ಲಿ ಇಂಗ್ಲಿಷ್ ಮಾತಾಡ್ತಿದ್ದಿದ್ದು ರೇಡಿಯೋ ಆಪರೇಟರ್, ಅವನ ಮುಂದೆ ತನ್ನದೇ ಆಲ್ಟಿಮೀಟರ್ ಇರಲಿಲ್ಲ, ಹಾರಿಸ್ತಿದ್ದವರು ಬೇರೆ, ಕೇಳ್ತಿದ್ದವನು ಬೇರೆ. ವಿಮಾನ 15000ದಲ್ಲಿ ನಿಲ್ಲಲಿಲ್ಲ, ಕೆಳಗೆ ಹೋಯ್ತು. 349 ಜನರಲ್ಲಿ ಒಬ್ಬರೂ ಉಳೀಲಿಲ್ಲ. ನ್ಯಾಯಮೂರ್ತಿ ಲಾಹೋಟಿ ಆಯೋಗ ತನಿಖೆ ಮಾಡ್ತು, ಆಮೇಲೆ ದೆಹಲಿಲಿ ಬರೋ ದಾರಿ ಹೋಗೋ ದಾರಿ ಬೇರೆ ಮಾಡಿದ್ರು, ಭಾರತಕ್ಕೆ ಬರೋ ದೊಡ್ಡ ವಿಮಾನಗಳಿಗೆ ಡಿಕ್ಕಿ ತಪ್ಪಿಸೋ ಸಾಧನ ಕಡ್ಡಾಯ ಆಯ್ತು.

ನಮ್ಮವರಿಗೆ ಹೇಳೋದು, ಒಳ್ಳೇ ಇಂಗ್ಲಿಷ್ ಬೇಕಿಲ್ಲ, ನಿಗದಿ ಮಾಡಿರೋ ಪದಗಳು ಸಾಕು. ಅಂತರರಾಷ್ಟ್ರೀಯ ಹಾರಾಟಕ್ಕೆ ಐಕಾವ್ (ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ) ಭಾಷಾ ಮಟ್ಟ 4 ಕನಿಷ್ಠ, ಅದೂ ಶೇಕ್ಸ್‌ಪಿಯರ್ ಓದಿಸಲ್ಲ. ಕನ್ನಡದ ನಾಲಿಗೆಗೆ ಒಂದೆರಡು ಅಭ್ಯಾಸ ಇದೆ, ಇ ಅಕ್ಷರಕ್ಕೆ ಹೇಳೋ ಎಕೋ ಯೆಕೋ ಆಗತ್ತೆ, ಓ ಅಕ್ಷರದ ಆಸ್ಕರ್ ವಾಸ್ಕರ್ ಆಗತ್ತೆ, ಎಯ್ಟ್ ಯೆಯ್ಟ್ ಆಗತ್ತೆ. ಫೋನಲ್ಲಿ ರೆಕಾರ್ಡ್ ಮಾಡಿ ಕೇಳಿ, ವಾರದಲ್ಲಿ ಹೋಗತ್ತೆ. ಐದು ಫೈಫ್, ಒಂಬತ್ತು ನೈನರ್, ಮೂರು ಟ್ರೀ, ಇದನ್ನ ಹೇಳೋಕೆ ಮುಜುಗರ ಪಡಬೇಡಿ, ಗಲಾಟೆ ರೇಡಿಯೋದಲ್ಲಿ ಫೈವ್ ಮತ್ತು ನೈನ್ ಒಂದೇ ಥರ ಕೇಳಿಸತ್ತೆ. ಎಟಿಸಿ ವೇಗವಾಗಿ ಹೇಳಿದ್ರೆ "ಸ್ಪೀಕ್ ಸ್ಲೋವರ್" ಅನ್ನೋ ಮಾತು ನಿಯಮದಲ್ಲೇ ಇದೆ. ನೀವು ನಿಧಾನ ಮಾತಾಡಿದ್ರೆ ಅವರೂ ನಿಧಾನ ಆಗ್ತಾರೆ, ಇದು ನಾನು ಕಂಡ ಸತ್ಯ.

"ಹೇಳಿದೀನಲ್ಲ, ಅವರಿಗೆ ಅರ್ಜೆಂಟ್ ಗೊತ್ತಾಗ್ತಿಲ್ಲ"

25 ಜನವರಿ 1990, ಕೊಲಂಬಿಯಾದಿಂದ ನ್ಯೂಯಾರ್ಕ್‌ಗೆ ಬಂದ ಏವಿಯಾಂಕಾ 52. ಹವಾಮಾನ ಕೆಟ್ಟು ಮೂರು ಕಡೆ ಸೇರಿ 77 ನಿಮಿಷ ಆಕಾಶದಲ್ಲಿ ಸುತ್ತು ಹಾಕಿಸಿದ್ರು. ಇಂಧನ ಮುಗೀತಿದೆ, ಆದ್ಯತೆ ಬೇಕು ಅಂತ ಸಹ ಪೈಲಟ್ ಹೇಳಿದ, ಕ್ಯಾಪ್ಟನ್ ಸ್ಪ್ಯಾನಿಷಲ್ಲಿ ಎಮರ್ಜೆನ್ಸಿ ಅಂತ ಹೇಳು ಅಂದ್ರೂ ಆ ಪದ ರೇಡಿಯೋಲಿ ಹೋಗಲೇ ಇಲ್ಲ. ಕಂಟ್ರೋಲರ್‌ಗೆ ಆ ರಾತ್ರಿ ಇಂಧನ ಕಡಿಮೆ ಅಂದವರು ಬೇರೆಯವರೂ ಇರ್ತಾರೆ. ನಾಲ್ಕೂ ಇಂಜಿನ್ ಆರಿ ವಿಮಾನ ಬಿತ್ತು, 158ರಲ್ಲಿ 73 ಜನ ಹೋದ್ರು.

ಸಂಕೋಚ ನಮ್ಮ ಜನರ ರಕ್ತದಲ್ಲಿ ಇದೆ, ದೊಡ್ಡೋರಿಗೆ ತೊಂದರೆ ಕೊಡಬಾರ್ದು ಅಂತ ಬೆಳೆದಿರ್ತೀವಿ, ಅದಕ್ಕೇ ಈ ಕಥೆ ನನಗೆ ತುಂಬಾ ಹತ್ತಿರ. ಮಾತಿಗೆ ತೂಕ ಇರೋದು ನಿಗದಿತ ಪದಕ್ಕೆ ಮಾತ್ರ. ಇನ್ನು ತಡ ಆದ್ರೆ ಕಷ್ಟ ಅನ್ನೋ ಹಂತಕ್ಕೆ "ಮಿನಿಮಮ್ ಫ್ಯುಯೆಲ್", ಇಳಿದಾಗ ಕೊನೆ ಮೀಸಲು ಇಂಧನನೂ ಉಳಿಯಲ್ಲ ಅಂತ ಲೆಕ್ಕ ತೋರಿಸಿದ್ರೆ ತುರ್ತು ಅಪಾಯದ ಕರೆ ಮೇಡೇನ ಮೂರು ಸಲ ಹೇಳಿ ಫ್ಯುಯೆಲ್ ಅನ್ನಬೇಕು. ಜೂನ್ 2025ರಲ್ಲಿ ಗುವಾಹಟಿಯಿಂದ ಚೆನ್ನೈಗೆ ಹೋಗ್ತಿದ್ದ ಇಂಡಿಗೋ ವಿಮಾನ ಇಂಧನಕ್ಕಾಗಿ ಮೇಡೇ ಹೇಳಿ ಬೆಂಗಳೂರಲ್ಲಿ ಕ್ಷೇಮವಾಗಿ ಇಳೀತು. ಮೇಡೇ ಜೊತೆಗೆ ಟ್ರಾನ್ಸ್‌ಪಾಂಡರ್‌ಗೆ ತುರ್ತು ಕೋಡ್ 7700 ಹಾಕಬಹುದು. ಎಟಿಸಿ ಹೇಳಿದ್ದು ನಿಮ್ಮಿಂದ ಆಗಲ್ಲ ಅಂದ್ರೆ "ಅನೇಬಲ್" ಅನ್ನಿ, ಕಾರಣ ಆಮೇಲೆ ಹೇಳಿದ್ರೂ ಆಗತ್ತೆ.

ಎಲ್ಲಿ ನಿಲ್ಲಿಸ್ಬೇಕು, ಯಾರನ್ನ ಕರೀಬೇಕು

ಜ್ಯಾಕ್, ವಾಲ್ಯೂಮ್, ಫ್ರೀಕ್ವೆನ್ಸಿ, ಎರಡನೇ ರೇಡಿಯೋ, ಇನ್ನೊಂದು ಹೆಡ್‌ಸೆಟ್, ಪೈಲಟ್ ಕೈ ಅಲ್ಲಿಗೆ ಮುಗೀತು. ಆಂಟೆನಾ, ವೈರಿಂಗ್, ರೇಡಿಯೋ ಪೆಟ್ಟಿಗೆ ಇವನ್ನೆಲ್ಲಾ ಲೈಸೆನ್ಸ್ ಇರೋ ಏವಿಯಾನಿಕ್ಸ್ ಎಂಜಿನಿಯರ್ ಮಾತ್ರ ಮುಟ್ಟಬೇಕು. ದೋಷ ಬಂದು ತಾನಾಗೇ ಹೋದ್ರೂ ಟೆಕ್ ಲಾಗ್‌ನಲ್ಲಿ (ವಿಮಾನದ ದೋಷ ಬರೆಯೋ ಪುಸ್ತಕ) ಬರೀರಿ. ನಾನು ಕಲಿಯೋ ದಿನಗಳಲ್ಲಿ ಒಂದು ವಿಮಾನದ ರೇಡಿಯೋ ಎಡಕ್ಕೆ ತಿರುಗಿದಾಗ ಮಾತ್ರ ಸತ್ತುಹೋಗ್ತಿತ್ತು, ನನಗಿಂತ ಮೊದಲು ಮೂರು ಜನ ಅನುಭವಿಸಿದ್ರು, ಒಬ್ಬರೂ ಬರ್ದಿರಲಿಲ್ಲ. ನಾಲ್ಕನೆಯವಳಾಗಿ ನಾನು ಬರ್ದೆ, ಆಂಟೆನಾ ಕೇಬಲ್ ಸಡಿಲ ಇತ್ತು.

ಮಾತಿನ ತಪ್ಪಾದ್ರೂ ಅಷ್ಟೇ, ಏನೂ ಆಗ್ಲಿಲ್ಲ ಅಂತ ಬಿಡಬೇಡಿ. ನಿಮ್ಮ ಸಂಸ್ಥೆಯ ಸೇಫ್ಟಿ ವಿಭಾಗಕ್ಕೆ ವರದಿ ಕೊಡಿ. ಎಟಿಸಿ ಟೇಪ್‌ಗಳನ್ನ ಕನಿಷ್ಠ 30 ದಿನ ಇಟ್ಟಿರ್ಬೇಕು ಅಂತ ಅಂತರರಾಷ್ಟ್ರೀಯ ನಿಯಮ ಇದೆ, ಆಮೇಲೆ ಅಳಿಸಿಹೋಗಬಹುದು. ಇಳಿದ ತಕ್ಷಣ ಯುಟಿಸಿ (ವಿಮಾನಯಾನದಲ್ಲಿ ಬಳಸೋ ಜಾಗತಿಕ) ಸಮಯ, ಫ್ರೀಕ್ವೆನ್ಸಿ, ನಿಮಗೆ ಕೇಳಿಸಿದ್ದ ಪದ ಹಾಗ್ ಹಾಗೇ ಒಂದು ಚೀಟಿಲಿ ಬರೆದಿಡಿ. ಟೇಪ್ ಹಾಕಿ ಕೇಳಿದಾಗ ಆ ಚೀಟಿಗೂ ಟೇಪಿಗೂ ಎಲ್ಲಿ ವ್ಯತ್ಯಾಸ ಬರತ್ತೆ ಅನ್ನೋದರಲ್ಲೇ ದೋಷ ಸಿಗೋದು.